ಮೇಲಿನ ದಾರಿ ತೆರೆಯುವ ತನಕ

ಫೆಬ್ರವರಿ ೧೮

ಮತ್ತೆ ಹಿಮ. ಬೆಳಿಗ್ಗೆ ಬಾಗಿಲು ತಳ್ಳಿದರೆ ಅಲುಗಲಿಲ್ಲ. ಕಿಟಕಿಯಿಂದ ಇಳಿದು, ಸಲಿಕೆಯಲ್ಲಿ ಬಗೆದು ಬಾಗಿಲು ಬಿಡಿಸಿದೆ. ಎಪ್ಪತ್ತೇಳರ ಗಂಡ ಕಿಟಕಿ ಹತ್ತುವುದನ್ನು ಹಾಸಿಗೆಯಿಂದಲೇ ನೋಡಿದ ಡೆಲ್ಫಿನಾ, "ಕಳ್ಳನಿಗೆ ಏನೂ ಸಿಕ್ಕಲಿಲ್ಲ ಅಂತ ಕಾಣುತ್ತೆ, ಬರಿಗೈಲಿ ಹೋಗ್ತಾ ಇದಾನೆ" ಎಂದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳ ಮೊದಲ ತಮಾಷೆ. ಬರೆದಿಡಬೇಕು ಅನ್ನಿಸಿತು. ಇಷ್ಟು ವರ್ಷ ಬರೆಯುವುದೇನಿದ್ದರೂ ಅಣ್ಣನಿಗೆ ಕಾಗದ ಬರೆಯುತ್ತಿದ್ದೆ. ಅಣ್ಣ ಹೋಗಿ ವರ್ಷವಾಯಿತು, ಇನ್ನು ನನಗೆ ನಾನೇ ಬರೆದುಕೊಳ್ಳಬೇಕು. ಶಾಲೆಗೆ ಹೋದದ್ದು ಚಳಿಗಾಲಗಳಲ್ಲಿ ಮಾತ್ರ, ಬೇಸಿಗೆಯೆಲ್ಲ ದನಗಳ ಹಿಂದೆ ಬೆಟ್ಟದ ಮೇಲೆ. ಇಲ್ಲಿ ತಪ್ಪು ಹಿಡಿಯುವವರು ಯಾರೂ ಇಲ್ಲ, ಅದೊಂದು ಸುಖ.

ಅವಳ ಹೊಟ್ಟೆಯ ಗಡ್ಡೆ ತೆಗೆಯುವ ಹಾಗಿಲ್ಲವಂತೆ. ತೆರೆದು ನೋಡಿ, ಹೊಲಿದು ಕಳಿಸಿದರು. ಎಚ್ಚರವಾದಾಗ ಅವಳು ಕೇಳಿದ್ದು ಒಂದೇ. "ಜೀಟಾನ ಒಂದ್ಸಲ ನೋಡ್ಬೇಕು." ಜೀಟಾ ಅವಳ ಅಕ್ಕ. ಘಾಟಿಯ ಆಚೆ, ದಕ್ಷಿಣದ ಇಳಿಜಾರಿನ ಇಟಾಲಿಯನ್ ಮಾತಾಡುವ ಕಣಿವೆಯಲ್ಲಿ, ಇವರಿಬ್ಬರೂ ಹುಟ್ಟಿದ ಮನೆಯಲ್ಲೇ ಇದ್ದಾಳೆ. ಹೋದ ವರ್ಷ ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದವಳು ಮಹಡಿ ಬಿಟ್ಟು ಇಳಿದಿಲ್ಲ.

ಬರೀ ಜೀಟಾಳ ಮನೆ ಯಾಕೆ, ಎಲ್ಲ ಘಾಟಿಗಳನ್ನೂ ತೋರಿಸುತ್ತೇನೆ ಅಂದೆ. ಬಾಳೆಲ್ಲ, ಅಂಚೆಯ ಜೊತೆ ಜನರನ್ನೂ ಒಯ್ಯುವ ಹಳದಿ ಅಂಚೆ ಬಸ್ಸು ಓಡಿಸಿದೆ. ಜರ್ಮನರು, ಇಂಗ್ಲಿಷರು, ಜಪಾನಿನವರು, ಯಾರ್ಯಾರನ್ನೋ ಹೊತ್ತುಕೊಂಡು ಹೋಗಿ ಹಿಮದ ಶಿಖರ ತೋರಿಸಿದೆ. ಹೆಂಡತಿಯನ್ನು ಒಮ್ಮೆಯೂ ಕೂರಿಸಿಕೊಂಡು ಹೋಗಲಿಲ್ಲ. ಹಸುಗಳಿದ್ದವು, ಮಗು ಇತ್ತು. ಈ ಸಲ ಮಗಳು, ಅಳಿಯ, ಮೊಮ್ಮಗಳು ಎಲ್ಲರನ್ನೂ ಸೇರಿಸಿಕೊಂಡು ಐದು ದಿನದ ಪ್ರವಾಸ. ಜೂನ್‌ನಲ್ಲಿ ಹಿಮ ಬಗೆದು ಘಾಟಿಗಳು ತೆರೆದ ಕೂಡಲೇ.

ಅಡುಗೆಮನೆಯ ಮೇಜಿನ ಮೇಲೆ ನಕಾಶೆ ಹರಡಿದ್ದೇನೆ. ರಾತ್ರಿ ತಂಗುವ ಊರುಗಳಿಗೆ ಗುರುತಾಗಿ ಒಂದೊಂದು ಒಣ ಚೆಸ್ಟ್‌ನಟ್ ಬೀಜ ಇಟ್ಟೆ. ಜೀಟಾ ತನ್ನ ಮರದ್ದು ಚೀಲ ತುಂಬ ಕಳಿಸಿದ್ದಾಳೆ. ಡೆಲ್ಫಿನಾಗೆ ಈಗ ಅಗಿಯಲು ಆಗುವುದಿಲ್ಲ. ಒಬರಾಲ್ಪ್, ಫುರ್ಕಾ, ಗ್ರಿಮ್ಸೆಲ್, ಗೊಟ್ಟಾರ್ಡ್ ಘಾಟಿಗಳನ್ನು ಸುತ್ತಿಕೊಂಡು, ಐದನೆಯ ದಿನ ದಕ್ಷಿಣದಿಂದ ಜೀಟಾಳ ಮನೆಗೆ. ಅಲ್ಲಿಂದ ನಮ್ಮ ಸಾನ್ ಬರ್ನಾರ್ದಿನೋ ಘಾಟಿ ಹತ್ತಿ ಮನೆಗೆ. ಸಿಹಿ ಕೊನೆಗೇ ಇರಬೇಕು.

"ಐದನೇ ದಿನಾನಾ?" ಎಂದಳು ಡೆಲ್ಫಿನಾ.

"ಸುತ್ತಿ ಬರಬೇಕಲ್ಲ."

"ಹೂಂ. ಸುತ್ತಿ ಬರಬೇಕು" ಎಂದು ಕಣ್ಣು ಮುಚ್ಚಿದಳು.

ಫೆಬ್ರವರಿ ೨೮

ಮಗಳು ಮೆಂಗಾ ಬಂದಿದ್ದಳು, ಕೂರ್ ಪಟ್ಟಣದಿಂದ. ಜೊತೆಗೆ ಮೊಮ್ಮಗಳು ಫ್ಲೂರಿನಾ. ನಾನು ಬರೆದಿಟ್ಟ ಪ್ರವಾಸದ ವಿವರವನ್ನು ಆ ಹುಡುಗಿ ಗಟ್ಟಿಯಾಗಿ ಓದಿದಳು.

"ನೆನಿ, ಇದು ಪ್ರವಾಸನಾ, ಬಸ್ಸಿನ ವೇಳಾಪಟ್ಟಿನಾ? ಒಂದಕ್ಕೆ ಹೋಗೋಕೂ ಟೈಮ್ ಬರ್ದಿದೀಯ." ಅಜ್ಜನಿಗೆ ನಮ್ಮಲ್ಲಿ ನೆನಿ ಅನ್ನುತ್ತಾರೆ, ಅಜ್ಜಿಗೆ ನಾನಾ.

"ಬರೆಯದೇ ಇದ್ರೆ ಬಸ್ಸು ನಿಲ್ಲಲ್ಲ."

"ನಾನಾಗೆ ಹೊಟ್ಟೆ ನೋವು ಬಂದ್ರೆ?"

"ಅದಕ್ಕೂ ಬರೀತೀನಿ" ಅಂದೆ. ಎಲ್ಲರೂ ನಕ್ಕರು, ಮೆಂಗಾ ಒಬ್ಬಳನ್ನು ಬಿಟ್ಟು. ಅವಳು ಪಾತ್ರೆ ಒರೆಸುತ್ತಾ, "ಅಪ್ಪ, ಜೀಟಾ ದೊಡ್ಡಮ್ಮನ ಮನೆ ಇಲ್ಲಿಂದ ಮುಕ್ಕಾಲು ಗಂಟೆ ದಾರಿ. ಸುರಂಗದಲ್ಲಿ ಹೋದ್ರೆ" ಎಂದಳು.

"ಆ ಇಲಿ ಬಿಲದಲ್ಲಿ ಏನಮ್ಮ ನೋಡೋಕಿದೆ?"

"ನೋಡೋಕಲ್ಲ ಅಪ್ಪ. ಹೋಗೋಕೆ."

ಇವಳಿಗೆ ಗೊತ್ತಿಲ್ಲದ್ದೇನಲ್ಲ. ಘಾಟಿಯ ಕೆಳಗೆ ಸುರಂಗ ತೆರೆದ ದಿನ ಮೇಲಿನ ದಾರಿಯ ನಾವು ಐದು ಜನ ಚಾಲಕರು ಹೋಟೆಲಿನ ಹಿಂದಿನ ಕೋಣೆಯಲ್ಲಿ ಕೂತು ಆಣೆ ಮಾಡಿದ್ದೆವು. ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಹೋಗುವುದಿಲ್ಲ, ತಲೆಯ ಮೇಲಿಂದಲೇ ಹೋಗುತ್ತೇವೆ. ಬೇಸಿಗೆಯ ನಾಲ್ಕು ತಿಂಗಳು ದಾರಿ ತೆರೆದಿದ್ದರೆ ಆಚೆಗೆ, ಇಲ್ಲದಿದ್ದರೆ ಈಚೆಯ ಕಣಿವೆಯ ಬಸ್ಸು. ಆಣೆ ಮುರಿದವನು ಉಳಿದವರಿಗೆ ವರ್ಷವಿಡೀ ವೈನ್ ಕುಡಿಸಬೇಕು. ಮೂವತ್ತು ವರ್ಷ ನಾನು ಒಮ್ಮೆಯೂ ಒಳಗೆ ಕಾಲಿಟ್ಟಿಲ್ಲ. ಡೆಲ್ಫಿನಾ ತಿಂಗಳಿಗೊಮ್ಮೆ ಅಕ್ಕನ ಮನೆಗೆ ಸುರಂಗದ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಿದ್ದಳು. ನಾನು ನಿಲ್ದಾಣದ ತನಕ ಹೋಗಿ ಚೀಲ ಹಿಡಿದುಕೊಳ್ಳುತ್ತಿದ್ದೆ. ಐವರಲ್ಲಿ ಈಗ ಉಳಿದಿರುವುದು ನಾನು ಮತ್ತು ಹಿಚ್, ಇಬ್ಬರೇ.

"ಮುಂದಿನ ಭಾನುವಾರ ನಾನೇ ಅಮ್ಮನ್ನ ಕರ್ಕೊಂಡು ಹೋಗ್ತೀನಿ ಬೇಕಾದ್ರೆ" ಎಂದಳು ಮೆಂಗಾ.

ಡೆಲ್ಫಿನಾ ನನ್ನ ಮುಖ ನೋಡಿದಳು. ಆಮೇಲೆ, "ಬೇಡ. ನನ್ನ ಲೂಟ್ಸಿನೇ ಕರ್ಕೊಂಡು ಹೋಗ್ತಾನೆ. ಅಷ್ಟೆಲ್ಲ ಬರ್ದು ಇಟ್ಟಿದಾನೆ" ಎಂದಳು. ನನ್ನ ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚ್ ೯

ಐದನೆಯ ದಿನದ ಬೀಜ, ಜೀಟಾಳ ಊರಿನದು, ನಕಾಶೆಯ ಮೇಲೆ ಜಾಗ ಬಿಟ್ಟಿತ್ತು. ನಮ್ಮ ಹಳ್ಳಿಗೆ ತೀರಾ ಪಕ್ಕದಲ್ಲಿ, ಮೊದಲನೆಯ ದಿನದ ಹತ್ತಿರ ಬಂದು ಕೂತಿತ್ತು. ಬೆಕ್ಕು ಇರಬೇಕು. ಮತ್ತೆ ಅದರ ಜಾಗಕ್ಕೆ ಇಟ್ಟೆ.

ಮಾರ್ಚ್ ೧೦

ಮತ್ತೆ ಸರಿದಿದೆ. ಬೆಕ್ಕನ್ನು ಕೊಟ್ಟಿಗೆಗೆ ಹಾಕಿದೆ.

ಮಾರ್ಚ್ ೧೯

ಸಂತ ಜೋಸೆಫನ ಹಬ್ಬ. ನಮ್ಮದು ಪ್ರಾಟೆಸ್ಟೆಂಟ್ ಕಣಿವೆ, ಇಲ್ಲಿ ಯಾರಿಗೂ ಅದರ ನೆನಪಿಲ್ಲ. ಆಚೆ ಕ್ಯಾಥೊಲಿಕ್ ಕಣಿವೆಯಲ್ಲಿ ಇವತ್ತು ಎಲ್ಲರ ಮನೆಯಲ್ಲೂ ಕರಿದ ಸಿಹಿ ಉಂಡೆ. ಮದುವೆಯಾದ ಮೊದಲ ವರ್ಷದಿಂದ ಡೆಲ್ಫಿನಾ ಈ ದಿನ ತಪ್ಪದೆ ಕರಿಯುತ್ತಾಳೆ. ಈ ಸಲ ಕುರ್ಚಿಯಲ್ಲಿ ಕೂತು ನನಗೆ ಹೇಳಿಕೊಟ್ಟಳು. ನಾನು ಮಾಡಿದ್ದು ಕಲ್ಲಾಯಿತು. "ಇದನ್ನ ಕಿಟಕಿಯಿಂದ ಎಸೆದ್ರೆ ಹಿಮ ಕುಸಿಯುತ್ತೆ, ಜೋಪಾನ" ಎಂದಳು.

ಜೀಟಾಳ ಫೋನು ಬಂತು. ಅಕ್ಕತಂಗಿ ಇಬ್ಬರೂ ತಮ್ಮ ಭಾಷೆಯಲ್ಲಿ ತುಂಬಾ ಹೊತ್ತು ಮಾತಾಡಿದರು. ಅವರು ಬೇಗ ಮಾತಾಡಿದರೆ ನನಗೆ ಹಿಡಿಯಲು ಆಗುವುದಿಲ್ಲ. ಜೂನ್ ಅನ್ನುವ ಮಾತು ಮಾತ್ರ ತಿಳಿಯಿತು. ಡೆಲ್ಫಿನಾ ಅದನ್ನು ಎರಡು ಸಲ ಹೇಳಿದಳು. ಫೋನು ಇಟ್ಟ ಮೇಲೆ, "ಅಲ್ಲಿ ಬಾದಾಮಿ ಮರ ಹೂ ಬಿಟ್ಟಿದೆಯಂತೆ" ಅಂದು ಕಂಬಳಿಯನ್ನು ಕತ್ತಿನ ತನಕ ಎಳೆದುಕೊಂಡಳು.

ಇಲ್ಲಿ ಬೇಲಿಯ ಕಂಬಗಳ ತುದಿ ಕೂಡ ಇನ್ನೂ ಕಂಡಿಲ್ಲ.

ಏಪ್ರಿಲ್ ೬

ಡಾಕ್ಟರು ನನ್ನೊಬ್ಬನನ್ನೇ ಪಕ್ಕದ ಕೋಣೆಗೆ ಕರೆದರು. ಹುಡುಗ, ಕೆಳಗಿನ ಪಟ್ಟಣದವನು. "ಎಲ್ಲಿಗಾದರೂ ಹೋಗಬೇಕು ಅಂತಿದ್ರೆ ಜೂನ್ ತನಕ ಕಾಯಬೇಡಿ" ಎಂದ. ಘಾಟಿ ತೆರೆಯುವುದೇ ಜೂನ್‌ನಲ್ಲಿ ಅಂದೆ. "ಸುರಂಗ ಇದೆಯಲ್ಲ" ಎಂದ. ಹಿಮ ಬಗೆಯುವುದನ್ನು ಜನ್ಮದಲ್ಲಿ ನೋಡಿರದವನಿಗೆ ಏನು ಹೇಳುವುದು. ಕೈ ಕುಲುಕಿ ಬಂದೆ.

ದಾರಿಯಲ್ಲಿ ಹಿಚ್‌ನ ಮನೆಗೆ ಹೋದೆ. ಅಂಚೆ ಬಸ್ಸು ಬಿಟ್ಟ ಮೇಲೆ ಅವನು ಘಾಟಿಯಲ್ಲಿ ಹಿಮ ಬಗೆಯುವ ಯಂತ್ರ ನಡೆಸುತ್ತಿದ್ದ. ಈಗ ಅವನ ಅಳಿಯ ನಡೆಸುತ್ತಾನೆ. ಮೇಲೆ ಹೇಗಿದೆ ಅಂತ ಕೇಳಿದೆ.

"ರಸ್ತೆ ಗುರುತಿಗೆ ಶರತ್ಕಾಲದಲ್ಲಿ ನೆಟ್ಟ ಕಂಬಗಳೇ ಕಾಣ್ತಾ ಇಲ್ಲ ಕಣೋ. ರಸ್ತೆ ಎಲ್ಲಿದೆ ಅಂತ ಬೆಟ್ಟಕ್ಕೇ ಗೊತ್ತಿಲ್ಲ. ಈ ವರ್ಷ ತಡ."

"ಎಷ್ಟು ತಡ?"

"ನಾನೇನು ಪಾದ್ರಿನಾ ಹೇಳೋಕೆ?" ಎಂದು ವೈನ್ ಬಗ್ಗಿಸಿದ. ಆಮೇಲೆ ನನ್ನ ಕಡೆ ನೋಡದೆ, "ಡೆಲ್ಫಿನಾ ಹೇಗಿದಾಳೆ?" ಎಂದ.

ಮನೆಗೆ ಬಂದು ನಕಾಶೆಯಿಂದ ಎರಡು ಬೀಜ ತೆಗೆದೆ. ಫುರ್ಕಾ ಬೇಡ, ಗ್ರಿಮ್ಸೆಲ್ ಬೇಡ. ಅಲ್ಲಿ ಹೇಗೂ ಜನ ಜಾಸ್ತಿ. ಮೂರು ದಿನ ಸಾಕು. ಮೂರು ದಿನದ್ದೇ ಚೆನ್ನ.

ಏಪ್ರಿಲ್ ೨೩

ರಾತ್ರಿಯೆಲ್ಲ ಅವಳಿಗೆ ನೋವು. ಬರೆಯುವುದೇನಿಲ್ಲ.

ಏಪ್ರಿಲ್ ೨೯

ಚಳಿ ಚಳಿ ಅನ್ನುತ್ತಾಳೆ. ಒಲೆ ಉರಿಯುತ್ತಿದ್ದರೂ ಎರಡು ಕಂಬಳಿ. ಕಾಲು ತಿಕ್ಕಿದೆ. ಮೂಳೆ ಕೈಗೆ ಸಿಗುತ್ತದೆ.

ಈಗ ಪ್ರವಾಸ ಅಂದರೆ ಒಂದೇ ದಿನ. ನಮ್ಮ ಘಾಟಿಯನ್ನು ಹತ್ತಿ, ಮೇಲೆ ಕೆರೆಯ ದಡದಲ್ಲಿ ಕಾಫಿ ಕುಡಿದು, ಇಳಿದು ಜೀಟಾಳ ಮನೆ. ಅಷ್ಟೇ. ಅವಳ ಹತ್ತಿರ ಕೇಳಿದೆ, ಸರಿನಾ ಅಂತ. ಹೀಗೆ ಕೇಳುವುದು ನನ್ನ ರೂಢಿಯಲ್ಲ. ಅವಳು, "ಆ ಕೆರೆ ಹತ್ತಿರ ನನ್ನ ಬೂಟು ಒದ್ದೆ ಆಗಿತ್ತು, ಜ್ಞಾಪಕ ಇದೆಯಾ ನಿನಗೆ?" ಎಂದಳು. ಹದಿನೇಳರ ಹುಡುಗಿ, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಈಚೆಯ ಹೋಟೆಲಿನಲ್ಲಿ ಹಾಸಿಗೆ ಹಾಸುವ ಕೆಲಸಕ್ಕೆ ನಡೆದು ಬಂದಿದ್ದಳು. ಮೇಲಿನ ದಾರಿಯಲ್ಲೇ. ನನ್ನ ಬಸ್ಸು ನಿಲ್ಲಿಸಿ ಹತ್ತಿಸಿಕೊಂಡದ್ದು ನಾನೇ. ಟಿಕೆಟ್ಟು ಕೊಡಲಿಲ್ಲ ಅಂತ ಮೇಲಿನವರಿಂದ ಬೈಸಿಕೊಂಡೆ.

"ನೋಡು, ನಿನಗೂ ಆ ದಾರಿಯೇ ಇಷ್ಟ" ಅಂದೆ.

"ಇಷ್ಟವೇ" ಎಂದಳು. "ಜೀಟಾನೂ ಇಷ್ಟ."

ಮೇ ೨

ಅವಳ ಹೊಟ್ಟೆಗೆ ಅಲುಗಾಟ ಆಗಬಾರದು. ತಿರುವುಗಳಲ್ಲಿ ಗಾಡಿಯನ್ನು ಎಷ್ಟು ಮೆತ್ತಗೆ ತಿರುಗಿಸಬೇಕು ಅಂತ ಕಾರಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಹಳೆಯ ಚಾಲಕರು ಹೊಸಬರಿಗೆ ಕಲಿಸುತ್ತಿದ್ದ ಉಪಾಯ: ಪಕ್ಕದ ಸೀಟಿನ ಮೇಲೆ ಬಟ್ಟಲು ತುಂಬ ಹಾಲು ಇಟ್ಟು ಓಡಿಸುವುದು. ಚೆಲ್ಲಿದರೆ ಪ್ರಯಾಣಿಕ ವಾಂತಿ ಮಾಡಿದ ಅಂತ ಲೆಕ್ಕ. ಕೆಳಗಿನ ಊರಿಗೆ ಹೋಗಿ ಬಂದೆ. ಮೊದಲ ಸಲ ಅರ್ಧ ಚೆಲ್ಲಿತು. ಮೂರನೆಯ ಸಲಕ್ಕೆ ಅಂಚು ಮಾತ್ರ ಒದ್ದೆ. ಅಂಗಡಿಯ ಮುಂದೆ ನಿಂತಿದ್ದವರು, "ಲೂಟ್ಸಿ, ಬೆಕ್ಕಿಗೆ ಡ್ರೈವಿಂಗ್ ತೋರಿಸ್ತಾ ಇದೀಯಾ?" ಎಂದರು. ಹೌದು ಅಂದೆ.

ಅದೇ ಸೀಟಿಗೆ ಮೆತ್ತೆ ಹೊಲಿಸಿದ್ದೇನೆ, ಕುರಿಯ ತುಪ್ಪಳದ್ದು.

ಮೇ ೯

ಇವತ್ತು ಭಾನುವಾರ, ಒಳ್ಳೆಯ ದಿನ. ವಿವರವಾಗಿ ಬರೆಯುತ್ತೇನೆ.

ಎಷ್ಟೋ ವಾರದ ಮೇಲೆ ಡೆಲ್ಫಿನಾ ಹಾಸಿಗೆ ಬಿಟ್ಟು ತಾನೇ ಎದ್ದಳು. ನೋವೂ ಕಮ್ಮಿ. ಬಿಸಿಲು ಬಂದಿತ್ತು. ನಾನು, "ಹೊರಡು, ದಾರಿ ನೋಡ್ಕೊಂಡು ಬರೋಣ" ಅಂದೆ. ಘಾಟಿಯ ಬುಡದಲ್ಲಿರುವ ಗೇಟಿನ ತನಕ ಹೋಗಿ, ಮೇಲೆ ಎಷ್ಟು ಹಿಮ ಬಗೆದಿದ್ದಾರೆ ನೋಡಿ ಬರುವ ಯೋಚನೆ. ಮೆತ್ತೆಯ ಪರೀಕ್ಷೆಯೂ ಆಗುತ್ತದೆ.

ಅವಳು ತಯಾರಾಗಲು ತುಂಬಾ ಹೊತ್ತು ಮಾಡಿದಳು. ನಾನು ಕಾರು ಒರೆಸುತ್ತಾ ಹೊರಗೆ ಕಾದೆ. ಒಳಗೆ ಫೋನಿನಲ್ಲಿ ಅವಳ ದನಿ ಕೇಳಿತು. ಬಂದಾಗ ಕಪ್ಪು ಒಳ್ಳೆಯ ಉಡುಪು, ಕಿವಿಗೆ ಅವಳ ತಾಯಿಯ ಹರಳಿನ ಓಲೆ. ಯಾಕೋ ಓಲೆ ಹಾಕಿಕೊಂಡಿದ್ದಳು. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಕೆನ್ನೆಗೆ ಬಣ್ಣ ಬಂದಿತ್ತು. "ಸುಂದರಿ" ಅಂದೆ. "ಸುಮ್ನೆ ಓಡ್ಸು" ಎಂದಳು.

ದಾರಿಯಲ್ಲಿ ಒಂದೇ ಒಂದು ಸಲವೂ ನರಳಲಿಲ್ಲ. ಕವಲು ಬರುವ ತನಕ ಮಾತಾಡುತ್ತಲೇ ಇದ್ದಳು. ಜೀಟಾ ಚಿಕ್ಕವಳಿದ್ದಾಗ ಕೋಳಿಗೆ ಹೆದರುತ್ತಿದ್ದಳಂತೆ, ಅದನ್ನು ಹೇಳಿ ನಕ್ಕಳು. ಕವಲಿನಲ್ಲಿ ನೇರ ಹೋದರೆ ಸುರಂಗದ ಬಾಯಿ. ಪಕ್ಕಕ್ಕೆ ತಿರುಗಿದರೆ ನಮ್ಮ ದಾರಿ. ನಾನು ಮೆತ್ತಗೆ ಪಕ್ಕಕ್ಕೆ ತಿರುಗಿಸಿದೆ. ಹಾಲಿದ್ದರೆ ಚೆಲ್ಲುತ್ತಿರಲಿಲ್ಲ. ಗೇಟಿನ ಮುಂದೆ ನಿಲ್ಲಿಸಿದೆ. ಗೇಟಿನ ಆಚೆ ಹಿಮದ ಗೋಡೆ, ಬಸ್ಸಿನಷ್ಟು ಎತ್ತರ. ಮೇಲೆ ಎಲ್ಲೋ ಯಂತ್ರ ಗುಡುಗುವುದು ಕೇಳುತ್ತಿತ್ತು.

"ಕೇಳಿಸ್ತಾ? ಬರ್ತಾ ಇದಾರೆ" ಅಂದೆ. "ಇನ್ನೊಂದು ಸ್ವಲ್ಪ ದಿನ."

ಅವಳು ಗೇಟನ್ನು ನೋಡುತ್ತಾ ಕೂತಿದ್ದಳು. ತಿರುಗಿ ಸುರಂಗದ ಕಡೆಗೆ ಹೋಗುವ ಗಾಡಿಗಳನ್ನು ನೋಡಿದಳು. ಒಂದು ಕಿತ್ತಳೆ ಹಣ್ಣಿನ ಲಾರಿ ಆಚೆಯಿಂದ ಬಂತು. ಆಮೇಲೆ ಓಲೆ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡಳು.

"ಕಿವಿ ನೋಯ್ತಾ?"

"ಹೂಂ. ಭಾರ."

"ಚೆನ್ನಾಗಿತ್ತಲ್ಲ ಸುತ್ತಾಟ?"

"ಚೆನ್ನಾಗಿತ್ತು ಲೂಟ್ಸಿ. ಮನೆಗೆ ಹೋಗೋಣ, ಸುಸ್ತಾಗ್ತಾ ಇದೆ."

ಬಂದು ಮಲಗಿದಳು. ಪೊಟ್ಟಣ ಅಡುಗೆಮನೆಯಲ್ಲಿ ಹಾಗೇ ಇತ್ತು. ಬಿಚ್ಚಿ ನೋಡಿದರೆ ಅವಳು ಹೋದ ಚಳಿಗಾಲ ಹೆಣೆದ ಬೂದು ಶಾಲು. ಅಲ್ಮೇರಾದಲ್ಲಿ ಇಟ್ಟೆ. ಒಟ್ಟಿನಲ್ಲಿ ಅವಳಿಗೆ ಹೊರಗಿನ ಗಾಳಿ ಒಳ್ಳೆಯದಾಯಿತು.

ಮೇ ೧೩

ಆವತ್ತಿನಿಂದ ಎದ್ದಿಲ್ಲ. ಸೂಪು ಎರಡು ಚಮಚ. ಜೀಟಾ ಫೋನು ಮಾಡಿದರೆ, "ನಿದ್ದೆ ಮಾಡ್ತಾ ಇದಾಳೆ ಅನ್ನು" ಅನ್ನುತ್ತಾಳೆ. ಕಣ್ಣು ತೆರೆದೇ ಇರುತ್ತದೆ.

ಮೇ ೧೫

ಹಿಚ್ ಬಂದ. ಅಳಿಯನ ಹತ್ತಿರ ಕೇಳಿಕೊಂಡು ಬಂದಿದ್ದ: ಮೇಲೆ ಹೊಸದಾಗಿ ಹಿಮ ಕುಸಿದು, ಬಗೆದ ದಾರಿ ಮತ್ತೆ ಮುಚ್ಚಿದೆ. ಜೂನ್ ನಡುವಿಗೆ ಮುಂಚೆ ಮಾತೇ ಇಲ್ಲ.

ಡೆಲ್ಫಿನಾಳ ಕೋಣೆಗೆ ಹೋಗಿ ಅವಳ ಕೈ ಹಿಡಿದು ಕೂತ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಟೋಪಿ ತಿರುಗಿಸುತ್ತಾ ಇದ್ದ.

"ಲೋ ಲೂಟ್ಸಿ. ಒಂದು ಹೇಳ್ತೀನಿ, ಬೈಬೇಡ."

"ಹೇಳು."

"ನಾನು ಹದಿನೈದು ವರ್ಷದಿಂದ ಕೆಳಗಿಂದಾನೇ, ಸುರಂಗದಲ್ಲೇ ಹೋಗ್ತಾ ಇದೀನಿ. ಆಚೆ ಹಲ್ಲಿನ ಡಾಕ್ಟರು ಅಗ್ಗ. ತಿನ್ನೋಕೆ ಸಲಾಮಿನೂ ಚೆನ್ನಾಗಿ ಸಿಗುತ್ತೆ. ನಿನಗೆ ಹೇಳಿರ್ಲಿಲ್ಲ, ಅಷ್ಟೆ."

ನನಗೆ ನಗು ಬಂತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ. "ಉಳಿದವರು?" ಅಂದೆ.

"ಎಲ್ಲರೂ. ಯಾಕೋಬ್ ಅಂತೂ ಆಣೆ ಮಾಡಿದ ಮರುವಾರವೇ ಹೋಗಿದ್ದ, ಹೆಂಡತಿ ತವರಿಗೆ. ನೀನೊಬ್ಬನೇ ಕಣೋ. ನಿನ್ನ ಮುಂದೆ ಹೇಳೋಕೆ ಎಲ್ಲರಿಗೂ ನಾಚಿಕೆ. ನಿನ್ನನ್ನ ನೋಡಿದ್ರೆ ನಮಗೇ ಒಂಥರಾ ಹೆಮ್ಮೆ ಆಗ್ತಿತ್ತು." ಟೋಪಿ ಹಾಕಿಕೊಂಡ. "ಅವಳನ್ನ ಕರ್ಕೊಂಡು ಹೋಗು ಮಾರಾಯ. ವೈನ್ ನಾನು ಕುಡಿಸ್ತೀನಿ."

ಸಂಜೆ ನಕಾಶೆಯ ಮುಂದೆ ಕೂತೆ. ಜೀಟಾಳ ಊರಿನ ಒಂದೇ ಬೀಜ ಉಳಿದಿದೆ. ಬೆಕ್ಕು ಕೊಟ್ಟಿಗೆಯಲ್ಲಿ ಮಲಗಲು ಶುರು ಮಾಡಿ ಎರಡು ತಿಂಗಳಾಯಿತು. ಬೀಜ ಇವತ್ತೂ ನಮ್ಮ ಹಳ್ಳಿಯ ಪಕ್ಕಕ್ಕೆ ಸರಿದಿದೆ. ಹಾಸಿಗೆಯಿಂದ ಮೇಜಿಗೆ ಗೋಡೆ ಹಿಡಿದು ಬಂದರೆ ಏಳೆಂಟು ಹೆಜ್ಜೆ. ಅವಳು ಯಾವಾಗ ಎದ್ದು ಬಂದಳು?

ಬೀಜವನ್ನು ಮುಟ್ಟಲಿಲ್ಲ.

ಮೇ ೧೬

ನಾಳೆ ಕೆಳಗಿನ ದಾರಿಯಲ್ಲಿ ಹೋಗುತ್ತೇವೆ. ಅವಳಿಗೆ ಹೇಳಿದೆ. ಅವಳು ನಂಬಲಿಲ್ಲ. "ಬಿಲದಲ್ಲಾ?" ಎಂದಳು. ದನಿ ಉಸಿರಿನಷ್ಟೇ.

"ಬಿಲದಲ್ಲೇ. ಮುಕ್ಕಾಲು ಗಂಟೆ."

"ನೀನು ವೈನ್ ಕುಡಿಸ್ಬೇಕಾಗುತ್ತೆ."

"ಕುಡಿಸ್ತೀನಿ."

ಅವಳು ಓಲೆ ಕೇಳಿದಳು. ತಂದು ಹಾಕಿದೆ, ಎರಡು ಸಲ ಬಿತ್ತು. ಹಾಕಿಕೊಂಡೇ ಮಲಗಿದ್ದಾಳೆ. ಮೆಂಗಾಗೆ ಫೋನು ಮಾಡಿದೆ, ಹತ್ತು ಗಂಟೆಗೆ ಬರುತ್ತಾಳೆ. ಜೀಟಾಗೂ ಮಾಡಿದೆ. ನನ್ನ ಇಟಾಲಿಯನ್ ಅವಳಿಗೆ ತಿಳಿಯಿತೋ ಇಲ್ಲವೋ. "ನಿಜನಾ?" ಅಂತ ಮಾತ್ರ ಕೇಳಿದಳು.

ಪೆಟ್ರೋಲು ತುಂಬಿಸಿದ್ದೇನೆ. ಮೆತ್ತೆ ಬಿಸಿಲಿಗೆ ಹಾಕಿದ್ದೇನೆ.

ಮೇ ೧೭

ಬೆಳಗಿನ ಜಾವ ಜ್ವರ ಏರಿತು. ಡಾಕ್ಟರು ಬಂದರು, ಅದೇ ಹುಡುಗ. ಗಾಡಿಯಲ್ಲಿ ಕೂರಿಸುವುದಿರಲಿ, ಮಗ್ಗುಲು ಬದಲಿಸಲೂ ಬೇಡ ಎಂದರು. ನನ್ನ ಭುಜ ಮುಟ್ಟಿ ಹೋದರು.

ಮೆಂಗಾ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತಳು. ಹೊರಗೆ ಬಂದು ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಮೇ ೧೯

ಡೆಲ್ಫಿನಾ ಹೋದಳು. ಬೆಳಿಗ್ಗೆ, ದನ ಕರೆಯುವ ಹೊತ್ತಿಗೆ.

ಮೇ ೨೨

ಮಣ್ಣು ಮಾಡಿ ಬಂದೆವು. ನೆಲ ಇನ್ನೂ ಹೆಪ್ಪುಗಟ್ಟಿತ್ತು, ಗುಂಡಿ ತೋಡುವವರು ಗುದ್ದಲಿ ಬದಲು ಹಾರೆ ಹಿಡಿದಿದ್ದರು.

ಚರ್ಚಿನ ಮುಂದೆ ಒಂದು ಬಿಳಿ ವ್ಯಾನು ನಿಂತಿತು. ಆಚೆಯ ಕಣಿವೆಯ ಬ್ರೆಡ್ಡಿನವನದು. ಹಿಂದಿನ ಬಾಗಿಲು ತೆರೆದು, ಬ್ರೆಡ್ಡಿನ ತಟ್ಟೆಗಳ ನಡುವಿನಿಂದ ಗಾಲಿಕುರ್ಚಿ ಇಳಿಸಿದರು. ಜೀಟಾ. ಕಪ್ಪು ಬಟ್ಟೆಯ ಮೇಲೆಲ್ಲ ಹಿಟ್ಟು. ಅವಳನ್ನು ಮಹಡಿಯಿಂದ ನಾಲ್ಕು ಜನ ಕುರ್ಚಿಸಮೇತ ಎತ್ತಿ ಇಳಿಸಿದರಂತೆ. ಪೆಟ್ಟಿಗೆ ಮುಚ್ಚುವ ಮುಂಚೆ ತಂಗಿಯ ಮುಖದ ಹತ್ತಿರ ಬಗ್ಗಿದಳು. "ಓಲೆ ಹಾಕಿದೀರಾ" ಎಂದಳು.

ಊಟದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದಳು. ನನಗೆ ತಿಳಿಯಲಿ ಅಂತ ನಿಧಾನವಾಗಿ ಮಾತಾಡಿದಳು.

"ಆ ಭಾನುವಾರ ಬೆಳಿಗ್ಗೆ ಫೋನ್ ಮಾಡಿದ್ಲು. ಹೊರಟಿದೀವಿ, ಲೂಟ್ಸಿ ಕಾರು ಒರೆಸ್ತಾ ಇದಾನೆ ಅಂದ್ಲು. ನಾನು ಊಟಕ್ಕೆ ಪೊಲೆಂಟಾ ಮಾಡಿಸಿದ್ದೆ. ಕಿಟಕಿ ಹತ್ತಿರ ಕುರ್ಚಿ ಹಾಕಿಸ್ಕೊಂಡು ಕೂತಿದ್ದೆ, ಕತ್ತಲೆ ಆಗೋ ತನಕ. ಸಂಜೆ ಫೋನ್ ಮಾಡಿ, ಗಾಡಿ ಕೆಟ್ಟೋಯ್ತು ಅಂದ್ಲು." ಆಮೇಲೆ, "ಗಾಡಿ ಕೆಟ್ಟಿತ್ತಾ?" ಎಂದಳು.

ಹೌದು ಅಂದೆ.

ಅವಳು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಥೇಟ್ ಡೆಲ್ಫಿನಾಳದ್ದು. "ಕೆಟ್ಟಿರುತ್ತೆ ಬಿಡು, ಹಳೇ ಗಾಡಿ" ಎಂದು ತಟ್ಟೆಯ ಕಡೆ ತಿರುಗಿದಳು.

ಜೂನ್ ೧

ಹುಲ್ಲು ಬಂದಿದೆ. ಹಸುಗಳನ್ನು ಹೊರಗೆ ಬಿಟ್ಟರು ಊರವರು. ನಕಾಶೆ ಮೇಜಿನ ಮೇಲೇ ಇದೆ. ಅದರ ಅಂಚಿನಲ್ಲೇ ತಟ್ಟೆ ಇಟ್ಟುಕೊಂಡು ಉಣ್ಣುತ್ತೇನೆ.

ಜೂನ್ ೧೪

ಘಾಟಿ ತೆರೆಯಿತು. ಹಿಚ್ ಬೆಳಿಗ್ಗೆಯೇ ಫೋನು ಮಾಡಿದ. "ಗೇಟಿನ ಹತ್ತಿರ ಬಾರೋ. ಮೊದಲ ಗಾಡಿ ನಿನ್ನದೇ ಅಂತ ಅಳಿಯನಿಗೆ ಹೇಳಿದೀನಿ. ಎಲ್ಲರೂ ಕಾಯ್ತಾ ಇದಾರೆ." ಬರುತ್ತೇನೆ ಅಂದೆ. ಅಲ್ಮೇರಾದಿಂದ ಬೂದು ಶಾಲು ತೆಗೆದು ಮತ್ತೆ ಬಟ್ಟೆಯಲ್ಲಿ ಪೊಟ್ಟಣ ಕಟ್ಟಿದೆ. ಉಳಿದ ಬೀಜವನ್ನು ಜೇಬಿಗೆ ಹಾಕಿಕೊಂಡೆ. ಕಾಫಿಯ ಬಟ್ಟಲು ಕೈಯಲ್ಲೇ ಇತ್ತು, ಕಾರಿನಲ್ಲಿ ಕುಡಿದರಾಯಿತು ಅಂತ ಪಕ್ಕದ ಮೆತ್ತೆಯ ಮೇಲೆ ಇಟ್ಟೆ.

ಕವಲಿನಲ್ಲಿ ಪಕ್ಕಕ್ಕೆ ನೋಡಿದೆ. ದೂರದಲ್ಲಿ ಜನ, ಒಂದು ಬಾವುಟ, ಹಿಚ್‌ನ ಟೋಪಿ. ನಾನು ನೇರ ಹೋದೆ.

ಸುರಂಗದ ಒಳಗೆ ಕತ್ತಲೆ ಇರುತ್ತದೆ ಅಂದುಕೊಂಡಿದ್ದೆ. ಇಲ್ಲ, ಉದ್ದಕ್ಕೂ ದೀಪ. ಏನೂ ಆಗುವುದಿಲ್ಲ ಒಳಗೆ. ಗಾಡಿ ಹೋಗುತ್ತದೆ, ಅಷ್ಟೆ. ತಿರುವು ಅಂತ ಹೇಳುವಂಥದ್ದು ಒಂದೂ ಇಲ್ಲ. ಹೊರಗೆ ಬಂದಾಗ ಬಟ್ಟಲು ಹಾಗೇ ಇತ್ತು, ಒಂದು ಹನಿ ಚೆಲ್ಲಿರಲಿಲ್ಲ, ಕಾಫಿ ಇನ್ನೂ ಬೆಚ್ಚಗಿತ್ತು. ಗಾಡಿ ಪಕ್ಕಕ್ಕೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತಿದ್ದೆ.

ಕೆಳಗೆ ಇಳಿಯುತ್ತಾ ಇಳಿಯುತ್ತಾ ಕೋಟು ಬಿಚ್ಚಬೇಕಾಯಿತು. ಚೆಸ್ಟ್‌ನಟ್ ಮರಗಳು ಹೂವಿನಿಂದ ಬೆಳ್ಳಗಾಗಿವೆ. ಜೀಟಾ ಕಿಟಕಿಯಲ್ಲೇ ಇದ್ದಳು. ಮೇಲೆ ಹೋಗಿ ಶಾಲು ಕೊಟ್ಟೆ. ಮಡಿಲಲ್ಲಿ ಇಟ್ಟುಕೊಂಡು ಹೆಣಿಗೆಯ ಮೇಲೆ ಬೆರಳಾಡಿಸಿದಳು, ಹೊದೆಯಲಿಲ್ಲ. ಇಲ್ಲಿ ಯಾರು ಶಾಲು ಹೊದೆಯುತ್ತಾರೆ ಈಗ.

ಬೀಜವನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. "ಇದ್ಯಾಕೆ, ಹುಳ ಹಿಡಿದಿದೆಯಾ?" ಎಂದಳು. ಇಲ್ಲ, ನಿನ್ನ ಮನೆಗೆ ಬರಬೇಕಾಗಿದ್ದದ್ದು ಅಂದೆ. ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಕೆಳಗೆ ಅವಳ ತೋಟದಲ್ಲಿ ಹುರುಳಿಕಾಯಿಯ ಬಳ್ಳಿ ಕೋಲಿನ ತುದಿ ದಾಟಿತ್ತು. ಮಾತಿಗೆ ಏನಾದರೂ ಬೇಕಲ್ಲ ಅಂತ, ಯಾವಾಗ ಬಿತ್ತಿಸಿದೆ ಎಂದು ಕೇಳಿದೆ.

"ಏಪ್ರಿಲ್ ಕೊನೇಲಿ" ಎಂದಳು. "ಆಗಲೇ ಇಲ್ಲಿ ಸೆಖೆ. ನಾನು ಈ ಕಿಟಕಿ ತೆಗೆದೇ ಮಲಗ್ತಿದ್ದೆ."

ಏಪ್ರಿಲ್ ಕೊನೆಯಲ್ಲಿ ನಮ್ಮ ಮನೆಯಲ್ಲಿ ಡೆಲ್ಫಿನಾ ಎರಡು ಕಂಬಳಿ ಹೊದ್ದು ಮಲಗಿದ್ದಳು.